34 ಶಾಟ್ ಬರೆದುಕೊಂಡಿದ್ದೆವು, 15 ಸಿಕ್ಕವು

ಪ್ರಶ್ನೆ: ನಾವು ಐದು ಜನ ವಿದ್ಯಾರ್ಥಿಗಳು ಇಬ್ಬರು ನಟರನ್ನು ಇಟ್ಟುಕೊಂಡು ಒಂದು ದೃಶ್ಯ ಚಿತ್ರೀಕರಿಸಿದೆವು. ಅಕ್ಕ ಕೆಲಸಕ್ಕೆಂದು ದೂರ ಹೊರಟಿದ್ದಾಳೆ, ಸೂಟ್‌ಕೇಸ್ ತುಂಬುತ್ತಿದ್ದಾಳೆ. ತಮ್ಮನಿಗೆ ಅವಳು ಹೋಗುವುದು ಬೇಡ. ಸೂಟ್‌ಕೇಸಿನ ಕೀಲಿಕೈಯನ್ನು ತನ್ನ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದಾನೆ. ಮಾತಿಗೆ ಮಾತು ಬೆಳೆದು, ಕೊನೆಗೆ ಅವನೇ ಅದನ್ನು ತೆಗೆದು ಕೊಡುತ್ತಾನೆ. ಎರಡೂವರೆ ಪುಟದ ದೃಶ್ಯ, ಒಂದು ಕೋಣೆ, ಒಂದು ಕ್ಯಾಮೆರಾ, ಒಂದು ದಿನ. 34 ಶಾಟ್ ಬರೆದುಕೊಂಡು ಹೋಗಿದ್ದೆವು. ಕತ್ತಲಾಗುವಷ್ಟರಲ್ಲಿ ಸಿಕ್ಕಿದ್ದು 15. ಎಡಿಟ್‌ಗೆ ಕೂತರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಅನ್ನಿಸುವುದಿಲ್ಲ, ದನಿ ಶಾಟ್‌ನಿಂದ ಶಾಟ್‌ಗೆ ಬೇರೆ ಕೇಳುತ್ತದೆ, ಬೇಕೇಬೇಕಾದ ಕ್ಲೋಸಪ್‌ನಲ್ಲಿ ನಟನೆಗೆ ಜೀವವಿಲ್ಲ. ಮತ್ತೆ ತೆಗೆಯಲು ಒಂದೇ ದಿನ ಸಿಕ್ಕಿದೆ. ಈ ಸಲ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ 34ರ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಹರಿದು ಹಾಕಬೇಡಿ, ಆಮೇಲೆ ಬೇಕಾಗುತ್ತದೆ. ಮೊದಲು ಸ್ಕ್ರಿಪ್ಟಿನ ಐದು ಪ್ರತಿ ಮಾಡಿ, ಐವರೂ ಬೇರೆ ಬೇರೆ ಮೂಲೆಯಲ್ಲಿ ಕೂತು, ಪೆನ್ಸಿಲಿನಿಂದ ಒಂದೇ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿನ ಸಾಲಿನವರೆಗೆ ಈ ಹುಡುಗ ಕೀಲಿಕೈ ಕೊಡುವವನಲ್ಲ. ಕೆಳಗಿನ ಸಾಲಿಗೆ ಬರುವಾಗ ಕೊಡುವವನಾಗಿದ್ದಾನೆ. ಆ ಜಾಗ ಎಲ್ಲಿದೆ? ಎಳೆದಾದ ಮೇಲೆ ಐದೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾನು ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿದಾಗಲೆಲ್ಲ ಮೊದಲ ಸಲಕ್ಕೆ ಗೆರೆಗಳೆಲ್ಲ ಒಂದೇ ಕಡೆ ಬಿದ್ದದ್ದಿಲ್ಲ. ನಿರ್ದೇಶಕರು ಒಂದು ದೃಶ್ಯ ತೆಗೆಯುತ್ತಿರುತ್ತಾರೆ, ಕ್ಯಾಮೆರಾ ಹಿಡಿದವರು ಇನ್ನೊಂದು, ಸೌಂಡಿನವರು ಯಾವುದನ್ನೂ ಅಲ್ಲ. ನಿಮ್ಮ 34 ಶಾಟ್‌ಗಳ ಮೂಲ ಇಲ್ಲೇ ಇದೆ ಎಂದು ನನ್ನ ಊಹೆ. ದೃಶ್ಯದ ತಿರುವು ಎಲ್ಲಿ ಎಂದು ಗೊತ್ತಿಲ್ಲದಾಗ ಎಲ್ಲವನ್ನೂ ಎಲ್ಲ ಕಡೆಯಿಂದಲೂ ತೆಗೆದಿಟ್ಟುಕೊಳ್ಳೋಣ ಅನ್ನಿಸುತ್ತದೆ.

ಕೀಲಿಕೈ ಕೊಡುವುದೇ ತಿರುವು ಎಂದು ನೀವು ಹೇಳಬಹುದು. ನನಗೆ ಹಾಗೆ ಕಾಣುವುದಿಲ್ಲ. ಕೊಡುವ ಹೊತ್ತಿಗೆ ಅವನು ಆಗಲೇ ಸೋತಿದ್ದಾನೆ. ಅದು ಫಲ, ಹೂವು ಬೇರೆಲ್ಲೋ ಅರಳಿದೆ. ನಿಮ್ಮ ಕಥೆ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಹೀಗೆ: ಅಕ್ಕ ಕೀಲಿಕೈಗಾಗಿ ಅಲ್ಲಿ ಇಲ್ಲಿ ತಡಕಾಡುತ್ತಾಳೆ, ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ, ಅವನ ಜೇಬಿನ ಕಡೆ ಒಮ್ಮೆ ನೋಡುತ್ತಾಳೆ, ಏನೂ ಕೇಳದೆ ಮತ್ತೆ ಬಟ್ಟೆ ಮಡಚಲು ತೊಡಗುತ್ತಾಳೆ. ಜಗಳವಾಡಲು ಎದುರಿಗೆ ಒಬ್ಬರು ಬೇಕಲ್ಲ? ಅವಳು ಜಗಳದಿಂದ ಎದ್ದು ಹೋಗುವ ಕ್ಷಣವೇ ಅವನು ಒಬ್ಬಂಟಿ. ನಿಮ್ಮ ಸ್ಕ್ರಿಪ್ಟಿನಲ್ಲಿ ಅದು ಬೇರೆ ಕಡೆ ಇರಬಹುದು. ಎಲ್ಲೇ ಇರಲಿ, ಐವರೂ ಒಪ್ಪಿ ಒಂದು ಕಡೆ ಗೆರೆ ಎಳೆಯುವವರೆಗೆ ಕ್ಯಾಮೆರಾ ಚೀಲ ಬಿಚ್ಚಬೇಡಿ. ಮುಂದೆ ನಾನು ಹೇಳುವುದೆಲ್ಲ ಆ ಗೆರೆಯ ಆಚೀಚೆ ಇರುವ ಇಪ್ಪತ್ತು ಸೆಕೆಂಡುಗಳನ್ನು ಕಾಪಾಡುವ ಲೆಕ್ಕಾಚಾರವಷ್ಟೇ.

ಲೆಕ್ಕವೆಂದರೆ ಅಕ್ಷರಶಃ ಲೆಕ್ಕ. ಸರಿಯಾಗಿ ಫಾರ್ಮ್ಯಾಟ್ ಮಾಡಿದ ಸ್ಕ್ರಿಪ್ಟಿನ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಹಳೆಯ ಅಂದಾಜು. ನಿಮ್ಮದು ಮೌನಗಳಿರುವ ದೃಶ್ಯ, ಆದ್ದರಿಂದ ಎರಡೂವರೆ ಪುಟ ಮೂರು ನಿಮಿಷವಾಗಬಹುದು. ಹೊಸ ತಂಡವೊಂದು ಕ್ಯಾಮೆರಾ ಜಾಗ ಬದಲಿಸಿ, ಲೈಟ್ ಸರಿಮಾಡಿ, ಒಂದು ರಿಹರ್ಸಲ್ ನೋಡಿ, ಮೂರು ನಾಲ್ಕು ಟೇಕ್ ತೆಗೆಯಲು 40 ನಿಮಿಷ ಬೇಕು. ದಿನಕ್ಕೆ 10 ಗಂಟೆ ಎಂದುಕೊಳ್ಳಿ. ಬೆಳಿಗ್ಗೆ ಜೋಡಿಸಲು ಒಂದೂವರೆ ಗಂಟೆ, ಊಟಕ್ಕೆ ಒಂದು, ಕೊನೆಗೆ ಬಿಚ್ಚಿ ಕೋಣೆಯನ್ನು ಮೊದಲಿದ್ದ ಹಾಗೆ ಮಾಡಲು ಅರ್ಧ. ಉಳಿದದ್ದು 7 ಗಂಟೆ, ಅಂದರೆ 420 ನಿಮಿಷ. 40ರಿಂದ ಭಾಗಿಸಿದರೆ ಹತ್ತು ಚಿಲ್ಲರೆ. ನಿಮ್ಮ 34ಕ್ಕೆ ಇದೇ ಲೆಕ್ಕ ಹಾಕಿದರೆ 22 ಗಂಟೆ 40 ನಿಮಿಷ! 15 ತೆಗೆದದ್ದೇ ಒಂದೊಂದಕ್ಕೆ ಅರ್ಧ ಗಂಟೆಯೂ ಸಿಗದೆ ಓಡಿದ ಓಟ. ನಟನೆ ಯಾಕೆ ಸೊರಗಿತು ಎಂದು ಬೇರೆ ಹುಡುಕಬೇಕಿಲ್ಲ.

ಈಗ ಮಡಚಿಟ್ಟ ಪಟ್ಟಿ ಬಿಚ್ಚಿ. ಅದರಲ್ಲಿ ‘ತಮ್ಮ, ಕ್ಲೋಸಪ್’ ಎಂದು ಆರೇಳು ಕಡೆ ಇರುತ್ತದೆ. ಕ್ಯಾಮೆರಾ ಅದೇ ಜಾಗ, ಅದೇ ಲೆನ್ಸ್ ಆದರೆ ಅವೆಲ್ಲ ಒಂದೇ ಸೆಟಪ್. ತುಂಡು ತುಂಡಾಗಿ ತೆಗೆಯದೆ ದೃಶ್ಯದ ಅಷ್ಟೂ ಭಾಗವನ್ನು ಒಂದೇ ಓಟದಲ್ಲಿ ತೆಗೆದರೆ ಎಡಿಟ್‌ನಲ್ಲಿ ಬೇಕಾದಲ್ಲಿ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ನಟರಿಗೂ ಓಟ ಸಿಗುತ್ತದೆ. ಈ ರೀತಿ ಕೂಡಿಸಿದರೆ ನಿಮ್ಮ 34 ಬಹುಶಃ ಹದಿಮೂರಕ್ಕೋ ಹದಿನಾಲ್ಕಕ್ಕೋ ಇಳಿಯುತ್ತದೆ. ಅದರಿಂದ ಒಂಬತ್ತು ಆರಿಸಿ. ಹತ್ತನೆಯದನ್ನು ಖಾಲಿ ಬಿಡಿ. ಅವತ್ತು ಕೋಣೆಯಲ್ಲಿ ಏನೋ ಒಂದು ಕಾಣುತ್ತದೆ, ಅದಕ್ಕಿರಲಿ.

ಯಾವ ಒಂಬತ್ತು ಎಂಬುದಕ್ಕೆ ಮುಂಚೆ ನಟರನ್ನು ಕೋಣೆಯಲ್ಲಿ ನಿಲ್ಲಿಸಬೇಕು. ಶಾಟ್ ಡಿವಿಷನ್, ಅಂದರೆ ದೃಶ್ಯವನ್ನು ಶಾಟ್‌ಗಳಾಗಿ ಒಡೆಯುವುದನ್ನು, ಮೊದಲು ಮಾಡಿ ಆಮೇಲೆ ನಟರನ್ನು ಅದರೊಳಗೆ ತುರುಕುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಚಿತ್ರೀಕರಣಕ್ಕೆ ಮೂರು ನಾಲ್ಕು ದಿನ ಮುಂಚೆ ಅದೇ ಕೋಣೆಯಲ್ಲಿ, ಅದಾಗದಿದ್ದರೆ ಅಷ್ಟೇ ಅಳತೆಗೆ ನೆಲದಲ್ಲಿ ಟೇಪ್ ಅಂಟಿಸಿದ ಯಾವುದಾದರೂ ಜಾಗದಲ್ಲಿ, ರಿಹರ್ಸಲ್ ಮಾಡಿ. ತಮ್ಮನಿಗೆ ‘ದುಃಖದಲ್ಲಿರು’, ‘ಇನ್ನೂ ಸ್ವಲ್ಪ ಫೀಲ್ ಬರಲಿ’ ಎನ್ನಬೇಡಿ. ದುಃಖವನ್ನು ಯಾರೂ ಮಾಡಿ ತೋರಿಸಲಾಗದು, ಮಾಡಲು ಹೋದರೆ ಹುಬ್ಬು ಗಂಟಿಕ್ಕುತ್ತದೆ ಅಷ್ಟೇ. ಮಾಡಬಲ್ಲ ಕೆಲಸ ಕೊಡಿ: ‘ಅವಳನ್ನು ನಗಿಸಿ ಸೂಟ್‌ಕೇಸಿನಿಂದ ಕೈ ತೆಗೆಸು.’ ಅದು ಫಲಿಸದಾಗ ‘ನಾಚಿಕೆಯಾಗುವಂತೆ ಮಾಡು’. ಅದೂ ಸಾಗದಾಗ ‘ಚೌಕಾಸಿ ಮಾಡು, ಒಂದು ವಾರ ಇದ್ದು ಹೋಗು ಅನ್ನು’. ಕೊನೆಗೆ ಸುಮ್ಮನಾಗುವುದು. ಸಂಭಾಷಣೆ ಒಂದಕ್ಷರ ಬದಲಾಗದೆ ದೃಶ್ಯಕ್ಕೆ ನಾಲ್ಕು ಮೆಟ್ಟಿಲು ಬಂದವು ನೋಡಿ. ಅಕ್ಕನ ಪಾತ್ರಕ್ಕೆ ಇದಕ್ಕಿಂತ ಸರಳವಾದದ್ದು ಸಾಕು: ‘ಅವನ ಮಾತಿಗೆ ಕೈ ನಿಲ್ಲಿಸಬೇಡ.’ ಹಾಗಿದ್ದರೆ ಆ ಒಂದು ಸಲ ಕೈ ನಿಂತದ್ದು ಎಲ್ಲರಿಗೂ ಕೇಳಿಸುತ್ತದೆ.

ಪಟ್ಟು ಬದಲಾದಾಗ ಮೈ ಕೂಡ ಜಾಗ ಬದಲಿಸಲು ಬಯಸುತ್ತದೆ. ಮೊದಲು ಬಾಗಿಲಿಗೆ ಒರಗಿ ನಿಂತವನು ಚೌಕಾಸಿಗೆ ಮಂಚದ ಹತ್ತಿರ ಬರುತ್ತಾನೆ, ಸೂಟ್‌ಕೇಸ್ ಇಬ್ಬರ ನಡುವೆ ಗೋಡೆಯಾಗುತ್ತದೆ. ಇದನ್ನೆಲ್ಲ ನೀವು ಹೇಳಿಕೊಡದೆ ಒಂದೆರಡು ಸಲ ನಟರನ್ನೇ ಬಿಟ್ಟು ನೋಡಿ. ಅವರು ಹೋದ ದಾರಿಯನ್ನು ಮೇಲಿನಿಂದ ನೋಡಿದಂತೆ ಕಾಗದದ ಮೇಲೆ ಬರೆದುಕೊಳ್ಳಿ. ಈ ನೆಲನಕ್ಷೆ ಶಾಟ್‌ಗೊಂದು ಚಿತ್ರ ಬರೆದಿಡುವ ಸ್ಟೋರಿಬೋರ್ಡಿಗಿಂತ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಚಿತ್ರ ಬರೆಯಲು ಬಾರದವರು ಸ್ಟೋರಿಬೋರ್ಡ್‌ಗೆಂದು ರಾತ್ರಿಯೆಲ್ಲ ಕೂತದ್ದನ್ನು ಕಂಡಿದ್ದೇನೆ. ಎರಡು ವೃತ್ತ, ಒಂದು ಆಯತ, ಒಂದಿಷ್ಟು ಬಾಣದ ಗುರುತು ಸಾಕಿತ್ತು. ಒಂದು ಪ್ರಶ್ನೆ ಮಾತ್ರ ಇಲ್ಲೇ ಬಗೆಹರಿಸಿಕೊಳ್ಳಿ: ಕೀಲಿಕೈ ಯಾವ ಜೇಬಿನಲ್ಲಿದೆ, ಎಡವೋ ಬಲವೋ? ಜೇಬು ಯಾವ ಕಡೆಯೋ ಕ್ಯಾಮೆರಾ ಆ ಕಡೆ. ಪ್ಯಾಂಟಿನ ಹಿಂದಿನ ಜೇಬು ಎಂದಾದರೆ ನಿಮ್ಮ ದೃಶ್ಯದ ನಕ್ಷೆಯೇ ತಿರುಗಿಹೋಗುತ್ತದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ ಎಂದಿರಲ್ಲ, ಅದಕ್ಕೆ ಬರುತ್ತೇನೆ. ಅಕ್ಕನಿಂದ ತಮ್ಮನಿಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯ 180 ಡಿಗ್ರಿಯೊಳಗೆ ಇದ್ದರೆ ಅವಳು ಯಾವಾಗಲೂ ಫ್ರೇಮಿನ ಬಲಕ್ಕೆ ನೋಡುತ್ತಾಳೆ, ಅವನು ಎಡಕ್ಕೆ. ಕತ್ತರಿಸಿ ಜೋಡಿಸಿದಾಗ ನೋಟಗಳು ಎದುರುಬದುರಾಗಿ ಕೂಡುತ್ತವೆ. ಕ್ಯಾಮೆರಾ ಗೆರೆ ದಾಟಿತೋ, ಇಬ್ಬರ ಲುಕ್ಕೂ (ನೋಟದ ದಿಕ್ಕೂ) ಒಂದೇ ಕಡೆಗಾಗಿ, ಮೂರನೆಯ ಯಾರನ್ನೋ ಇಬ್ಬರೂ ನೋಡುತ್ತಿರುವಂತೆ ಆಗುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಇರಬೇಕು, ಅದೂ ತಮ್ಮ ಬಾಗಿಲಿನಿಂದ ಮಂಚಕ್ಕೆ ಬಂದ ಮೇಲೆ. ಯಾಕೆಂದರೆ ನಟ ಜಾಗ ಬದಲಿಸಿದರೆ ಗೆರೆಯೂ ಬದಲಾಗುತ್ತದೆ. ನೀವು ಹಳೆಯ ಗೆರೆಯನ್ನೇ ನಂಬಿ ನಿಂತಿದ್ದೀರಿ. ಅವನು ನಡೆದು ಬರುವುದನ್ನು ಕತ್ತರಿಸದೆ ಒಂದು ಶಾಟ್‌ನಲ್ಲಿ ತೋರಿಸಿ, ಆ ಶಾಟ್‌ನಲ್ಲೇ ನೋಡುವವರ ಮನಸ್ಸಿನಲ್ಲಿ ಹೊಸ ಗೆರೆ ಮೂಡುತ್ತದೆ. ಸೆಟ್ಟಿನಲ್ಲಿ ಗೊಂದಲವಾಗದಿರಲು ನೆಲಕ್ಕೆ ನಿಜವಾಗಿ ಟೇಪ್ ಅಂಟಿಸಿ, ಇಡೀ ಕೋಣೆ ಕಾಣುವ ವೈಡ್ ಶಾಟ್‌ಗೆ ಕಿತ್ತುಬಿಡಿ. ನಿಯಮ ಮುರಿಯಬಾರದೆಂದಿಲ್ಲ. ತಿರುವಿನ ಗೆರೆಯಲ್ಲಿ ಬೇಕೆಂದೇ ದಾಟಿದರೆ ಅದಕ್ಕೊಂದು ಅರ್ಥವಿದೆ, ಮರೆತು ದಾಟಿದರೆ ಇಲ್ಲ.

ಲುಕ್ ಹಾಳಾಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಪಾಠದಲ್ಲಿ ಅಷ್ಟಾಗಿ ಹೇಳುವುದಿಲ್ಲ. ತಮ್ಮನ ಕ್ಲೋಸಪ್ ತೆಗೆಯುವಾಗ ಅಕ್ಕನ ಪಾತ್ರದವರು ಎಲ್ಲಿದ್ದರು? ಹೊರಗೆ ಚಹಾ ಕುಡಿಯುತ್ತಿದ್ದು, ಅವರ ಬದಲು ಯಾರೋ ಸ್ಕ್ರಿಪ್ಟ್ ಓದುತ್ತಿದ್ದರೆ ಆ ಕ್ಲೋಸಪ್‌ನಲ್ಲಿ ಜೀವ ಎಲ್ಲಿಂದ ಬರಬೇಕು? ಫ್ರೇಮಿನಲ್ಲಿ ಇಲ್ಲದ ನಟರು ಲೆನ್ಸಿಗೆ ಒತ್ತಿಕೊಂಡಂತೆ ಪಕ್ಕದಲ್ಲಿದ್ದು, ಪೂರ್ತಿ ನಟಿಸಬೇಕು. ಕೂತಿರುವ ಪಾತ್ರವಾದರೆ ಕೂತೇ ಇರಬೇಕು, ಎತ್ತರ ತಪ್ಪಿದರೆ ನೋಟ ತಲೆಯ ಮೇಲಿಂದ ಹೋಗುತ್ತದೆ. ಕ್ಯಾಮೆರಾದವರು ಲೆನ್ಸಿನ ಪಕ್ಕ ಜಾಗ ಬಿಡಲು ಗೊಣಗುತ್ತಾರೆ, ಗೊಣಗಲಿ.

ಇನ್ನು ಆ ಒಂಬತ್ತು. ನಾನಾದರೆ ಹೀಗೆ ಹಂಚುತ್ತೇನೆ. ಇಡೀ ದೃಶ್ಯವನ್ನು, ಇಬ್ಬರೂ ಕಾಣುವಂತೆ ದೂರದಿಂದ ಹಿಡಿಯುವ ಮಾಸ್ಟರ್ ಒಂದು, ಮೂರು ಟೇಕ್. ಇಬ್ಬರಿಗೂ ಸೊಂಟದಿಂದ ಮೇಲೆ ಕಾಣುವ ಒಂದೊಂದು ಮಿಡ್ ಶಾಟ್, ಅದೂ ಆದಿಯಿಂದ ಅಂತ್ಯದವರೆಗೆ. ಅವನು ಬಾಗಿಲಿನಿಂದ ಮಂಚಕ್ಕೆ ಬರುವುದನ್ನು ಅವಳ ಭುಜದ ಮೇಲಿಂದ. ಇಬ್ಬರಿಗೂ ಒಂದೊಂದು ಕ್ಲೋಸಪ್, ಆದರೆ ತಿರುವಿಗೆ ನಾಲ್ಕೈದು ಸಾಲು ಮುಂಚಿನಿಂದ ಮಾತ್ರ. ಜೇಬಿನ ಇನ್ಸರ್ಟ್ (ಆ ಜೇಬೊಂದೇ ಹತ್ತಿರದಿಂದ ಕಾಣುವ ತುಣುಕು) ಒಂದು, ಕೀಲಿಕೈ ಕೈಯಿಂದ ಕೈಗೆ ಹೋಗುವುದು ಒಂದು. ಕೊನೆಗೆ ಇಬ್ಬರೂ ಒಂದೇ ಫ್ರೇಮಿನಲ್ಲಿರುವ ಒಂದು ಶಾಟ್. ಮೊದಲರ್ಧಕ್ಕೆ ಕ್ಲೋಸಪ್ ಯಾಕಿಲ್ಲ ಎಂದರೆ, ಆರಂಭದಿಂದಲೇ ಮುಖದ ಮೇಲೆ ಕೂತರೆ ತಿರುವಿನ ಹೊತ್ತಿಗೆ ಇನ್ನೂ ಹತ್ತಿರ ಹೋಗಲು ಜಾಗವಿರುವುದಿಲ್ಲ. ಉಪ್ಪನ್ನು ಕೊನೆಗೆ ಹಾಕುವವರ ಜಾಣತನ ಇದು. ಇನ್ನೊಂದು ಎಚ್ಚರ: ಒಬ್ಬರದ್ದೇ ಎರಡು ಶಾಟ್ ಒಂದರ ಹಿಂದೆ ಒಂದು ಬರುವುದಾದರೆ ಗಾತ್ರ ಸ್ಪಷ್ಟವಾಗಿ ಬದಲಾಗಬೇಕು, ಕೋನ 30 ಡಿಗ್ರಿಯಾದರೂ ಸರಿಯಬೇಕು. ಇಲ್ಲದಿದ್ದರೆ ಚಿತ್ರ ಬೆಚ್ಚಿಬಿದ್ದಂತೆ ಕುಪ್ಪಳಿಸುತ್ತದೆ.

ಜೇಬಿನ ಇನ್ಸರ್ಟ್ ಬಗ್ಗೆ ಒಂದು ಮಾತು ಹೆಚ್ಚು. ಸುಮಾರು ನೂರು ವರ್ಷದ ಹಿಂದೆ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖಭಾವದ ತುಣುಕನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದನಂತೆ. ಸೂಪ್ ಬಟ್ಟಲಿನ ಪಕ್ಕ ಇಟ್ಟಾಗ ಜನರಿಗೆ ಆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟಾಗ ಶೋಕ. ಆ ಫಿಲ್ಮ್ ಉಳಿದಿಲ್ಲ, ವಿವರಗಳೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ಆದರೆ ಎಡಿಟ್ ಟೇಬಲ್ಲಿನ ಮುಂದೆ ಕೂತ ಯಾರಿಗಾದರೂ ಅದು ನಿಜವೆಂದು ಗೊತ್ತು. ನಿಮ್ಮ ಅಕ್ಕ ‘ಅರ್ಥವಾಯಿತು’ ಎಂದು ಮುಖದಲ್ಲಿ ತೋರಿಸಬೇಕಿಲ್ಲ. ಅವಳು ನೋಡಬೇಕು, ಜೇಬು ಕಾಣಬೇಕು, ಮತ್ತೆ ಅವಳು. ಅಷ್ಟೇ. ನಟಿಗೆ ಇದನ್ನು ಮೊದಲೇ ತೋರಿಸಿಬಿಡಿ, ಫೋನಿನಲ್ಲಿ ಮೂರು ತುಣುಕು ತೆಗೆದು ಜೋಡಿಸಿ. ಹೆಗಲ ಮೇಲಿನ ಭಾರ ಇಳಿದಂತಾಗಿ ಅವರು ಕಡಿಮೆ ಮಾಡುತ್ತಾರೆ.

ಕಡಿಮೆ ಮಾಡಬೇಕಾದ ಇನ್ನೊಂದು ವಸ್ತು ಬಟ್ಟೆ. ಪ್ರತಿ ಟೇಕಿಗೂ ಸೂಟ್‌ಕೇಸ್ ಖಾಲಿ ಮಾಡಿ ಮತ್ತೆ ತುಂಬುವ ದೃಶ್ಯ ಕಂಟಿನ್ಯುಟಿಯ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಎಲ್ಲ ಹೊಂದಿಕೊಂಡಿರುವುದರ, ಶತ್ರು. ದೃಶ್ಯ ತೆರೆದುಕೊಳ್ಳುವಾಗ ಸೂಟ್‌ಕೇಸ್ ಮುಕ್ಕಾಲು ತುಂಬಿರಲಿ, ನಾಲ್ಕೇ ನಾಲ್ಕು ಬಟ್ಟೆ ಹೊರಗಿರಲಿ. ಯಾವ ಮಾತಿಗೆ ಯಾವ ಬಟ್ಟೆ, ಯಾವ ಕೈಯಲ್ಲಿ, ಎಂಬುದನ್ನು ಮಾಸ್ಟರ್ ತೆಗೆದ ಕೂಡಲೇ ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದುಕೊಳ್ಳಿ, ಫೋಟೋ ಹಿಡಿದಿಡಿ. ಕತ್ತರಿಸುವ ಜಾಗ ಸಾಮಾನ್ಯವಾಗಿ ಚಲನೆಯ ಮೇಲೆ ಬೀಳುವುದರಿಂದ, ಒಂದು ಸೆಟಪ್‌ನಲ್ಲಿ ಮಡಚಿದ ಅಂಗಿಯನ್ನು ಮುಂದಿನ ಸೆಟಪ್‌ನಲ್ಲೂ ಮೊದಲಿನಿಂದ ಮಡಚಿಸಿ.

ದಿನದ ಕ್ರಮಕ್ಕೆ ಬರೋಣ, ನನ್ನ ಪ್ರಕಾರ ನಿಮ್ಮ ದೃಶ್ಯ ಸೋತದ್ದು ಇಲ್ಲಿ. ನೀವು ಸ್ಕ್ರಿಪ್ಟಿನ ಕ್ರಮದಲ್ಲೇ ತೆಗೆಯುತ್ತಾ ಹೋಗಿರಬೇಕು. ಕಥೆಯ ಕೊನೆಯಲ್ಲಿರುವ ಮುಖ್ಯ ಕ್ಲೋಸಪ್ ದಿನದ ಕೊನೆಗೂ ಬಂತು. ಬೆಳಕು ಹೋಗಿತ್ತು, ನಟರು ಬಸವಳಿದಿದ್ದರು, ಕೋಣೆ ಕೊಟ್ಟವರು ಗಡಿಯಾರ ನೋಡುತ್ತಿದ್ದರು. ಈ ಸಲ ಬೆಳಿಗ್ಗೆ ಮಾಸ್ಟರ್ ತೆಗೆಯಿರಿ. ಅದು ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ, ಎಲ್ಲರ ಮೈ ಬಿಸಿಯಾಗುತ್ತದೆ. ಆಮೇಲೆ ಕ್ಯಾಮೆರಾ ಅಕ್ಕನ ಕಡೆ ತಿರುಗಿರುವಾಗಲೇ ಅವಳ ಮಿಡ್, ಅವಳ ಕ್ಲೋಸಪ್; ನಂತರ ಲೈಟ್ ತಿರುಗಿಸಿ ತಮ್ಮನ ಕ್ಲೋಸಪ್. ಇವಿಷ್ಟೂ ಊಟಕ್ಕೆ ಮುಂಚೆ, ಹೆಚ್ಚೆಂದರೆ ಊಟವಾದ ತಕ್ಷಣ. ಕ್ಲೋಸಪ್ ಯಾರದು ಮೊದಲು ಎಂಬುದನ್ನು ರಿಹರ್ಸಲ್‌ನಲ್ಲಿ ಕಂಡುಕೊಳ್ಳಿ: ಕೆಲವರು ಎರಡನೇ ಟೇಕಿಗೇ ಎಲ್ಲವನ್ನೂ ಕೊಟ್ಟು ಬರಿದಾಗುತ್ತಾರೆ, ಕೆಲವರು ಏಳನೆಯದಕ್ಕೆ ಅರಳುತ್ತಾರೆ. ಬೇಗ ಬರಿದಾಗುವವರು ಮೊದಲು. ಇದಕ್ಕಾಗಿ ಲೈಟನ್ನು ಒಂದು ಸಲ ಹೆಚ್ಚು ತಿರುಗಿಸಬೇಕಾಗಿ ಬಂದರೂ ತಿರುಗಿಸಿ. ಇನ್ಸರ್ಟ್‌ಗಳು ಕಟ್ಟಕಡೆಗೆ. ಕೈಗೆ ದಣಿವು ಕಾಣುವುದಿಲ್ಲ, ಅಂಗೈಯಗಲದ ಜಾಗಕ್ಕೆ ಕತ್ತಲಾದ ಮೇಲೂ ಒಂದು ಸಣ್ಣ ದೀಪದಲ್ಲಿ ಹಗಲು ಮಾಡಬಹುದು. ಹೊತ್ತು ಮೀರಿದರೆ ಯಾವುದನ್ನು ಬಿಡುವುದು ಎಂದು ಹಿಂದಿನ ರಾತ್ರಿಯೇ ಗುರುತು ಹಾಕಿಡಿ. ಬಿಸಿಲೇರಿದ ಮೇಲೆ, ಐವರು ಕೂಗಾಡುತ್ತಿರುವಾಗ, ಆ ತೀರ್ಮಾನ ಸರಿಯಾಗಿ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಮೊದಲು ಬೀಳುವುದು ಭುಜದ ಮೇಲಿನ ಶಾಟ್; ಅವನು ನಡೆದು ಬರುವುದು ಮಾಸ್ಟರ್‌ನಲ್ಲೂ ಇದೆ.

ಕ್ಯಾಮೆರಾ ಬಗ್ಗೆ ಕಡಿಮೆ ಹೇಳುತ್ತೇನೆ, ಅದನ್ನು ನೀವು ಹೇಗೂ ಹೆಚ್ಚು ಓದಿರುತ್ತೀರಿ. ‘ಆಟೋ’ ಎಂದಿರುವುದೆಲ್ಲ ಬಂದ್. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಒಂದಕ್ಕೆ ಕಟ್ಟಿಹಾಕಿ. ಹಗಲು ಬೆಳಕು ಸುಮಾರು 5600 ಕೆಲ್ವಿನ್, ಹಳೆಯ ಟಂಗ್‌ಸ್ಟನ್ ದೀಪ 3200, ಎರಡನ್ನೂ ಬೆರೆಸಿದರೆ ಮುಖದ ಅರ್ಧ ನೀಲಿ, ಅರ್ಧ ಕಿತ್ತಳೆ. ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ 1/50. ಎಲ್‌ಇಡಿ, ಟ್ಯೂಬ್‌ಲೈಟ್ ಮಿನುಗುವ ತೊಂದರೆಗೆ, ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಸಾಮಾನ್ಯವಾಗಿ ಸಾಕು. ಆದರೂ ಒಂದು ಸಲ ತೆಗೆದು ದೊಡ್ಡ ತೆರೆಯಲ್ಲಿ ನೋಡಿ. ಮಂಚವನ್ನು ಗೋಡೆಯಿಂದ ಸಾಧ್ಯವಾದಷ್ಟು ಈಚೆ ಎಳೆಯಿರಿ. ಗೋಡೆಗಂಟಿದ ಮುಖಕ್ಕೆ ಎಷ್ಟು ಲೈಟ್ ಹಾಕಿದರೂ ಹಿಂದೆ ನೆರಳು ನಿಂತು ನಗುತ್ತದೆ. ಲೈಟನ್ನೂ ದೂರ ಇಡಿ: ಸಣ್ಣ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಆದ್ದರಿಂದ ದೀಪ ಹತ್ತಿರವಿದ್ದಷ್ಟೂ ನಟ ಒಂದು ಹೆಜ್ಜೆ ಸರಿದರೆ ಮುಖ ಉರಿದುಹೋಗುವುದೋ ಕಪ್ಪಾಗುವುದೋ ಹೆಚ್ಚು. ಕಿಟಕಿ ಬೆಳಕನ್ನು ನಂಬಿದರೆ ಕಿಟಕಿ ಕಾಣುವ ಶಾಟ್‌ಗಳನ್ನು ಒಟ್ಟಿಗೆ ತೆಗೆದು ಮುಗಿಸಿ.

ದನಿಯ ವಿಷಯದಲ್ಲಿ ಮಾತ್ರ ನಾನು ಜಿಪುಣನಲ್ಲ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ನಿಮ್ಮ ದನಿ ಶಾಟ್‌ಗೊಂದು ಥರ ಇರುವುದಕ್ಕೆ ಎರಡು ಕಾರಣ ಇರಬಹುದು: ಬಾಯಿಗೂ ಮೈಕಿಗೂ ಇರುವ ದೂರ ಪ್ರತಿ ಸೆಟಪ್‌ನಲ್ಲಿ ಬದಲಾಗಿದೆ, ರೆಕಾರ್ಡರ್ ತಾನೇ ಲೆವೆಲ್ ಏರಿಸಿ ಇಳಿಸಿದೆ. ಲೆವೆಲ್ಲನ್ನು ಕೈಯಲ್ಲಿ ಹಿಡಿಯಿರಿ, ಜೋರು ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ. 48 ಕಿಲೋಹರ್ಟ್ಸ್, 24 ಬಿಟ್. ಬೂಮ್ (ಕೋಲಿಗೆ ಕಟ್ಟಿದ ಮೈಕ್) ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ, ತಲೆಯ ಮೇಲಿನಿಂದ ಬಾಯಿಯ ಕಡೆಗೆ ಮುಖ ಮಾಡಿರಲಿ. ಮಾಸ್ಟರ್‌ನಲ್ಲಿ ಅದು ದೂರವೇ ಇರುತ್ತದೆ, ಆ ದನಿ ಬರೀ ಅಳತೆಗೆ. ಕೊನೆಗೆ ಬಳಸುವುದು ಮಿಡ್ ಮತ್ತು ಕ್ಲೋಸಪ್‌ನ ದನಿ. ಅದಕ್ಕೇ ಆ ಶಾಟ್‌ಗಳಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕದಂತೆ ನೋಡಿಕೊಳ್ಳಿ. ಜಗಳದ ಬಿರುಸನ್ನು ಎಡಿಟ್‌ನಲ್ಲಿ ಎಳೆದು ಹತ್ತಿರ ತರಬಹುದು, ಬೆರೆತ ಎರಡು ದನಿಯನ್ನು ಬಿಡಿಸಲಾಗದು.

ಫ್ಯಾನ್, ಫ್ರಿಜ್ ಆರಿಸಿ. ಫ್ರಿಜ್ ಆರಿಸಿದವರು ತಮ್ಮ ಗಾಡಿಯ ಕೀ ಅದರೊಳಗೆ ಇಡಲಿ. ಮರಳಿ ಹಾಕದೆ ಮನೆಗೆ ಹೋಗಲಾಗುವುದಿಲ್ಲ. ಕೋಣೆ ಮೊಳಗುತ್ತಿದ್ದರೆ ಕ್ಯಾಮೆರಾದ ಹಿಂದೆ ಕಂಬಳಿ, ದಪ್ಪ ಪರದೆ, ಹಾಸಿಗೆ ಏನಿದೆಯೋ ಅದನ್ನು ನಿಲ್ಲಿಸಿ. ದಿನದಲ್ಲಿ ಒಮ್ಮೆ, ಎಲ್ಲರೂ ಕೋಣೆಯಲ್ಲೇ ಇದ್ದು, ಲೈಟ್‌ಗಳು ಉರಿಯುತ್ತಿರುವಾಗಲೇ, ಒಂದು ನಿಮಿಷ ಉಸಿರು ಬಿಗಿಹಿಡಿದು ಕೋಣೆಯ ಆಂಬಿಯನ್ಸ್ (ಯಾರೂ ಮಾತಾಡದಾಗಲೂ ಇರುವ ಸದ್ದು) ರೆಕಾರ್ಡ್ ಮಾಡಿ. ಎಡಿಟ್‌ನಲ್ಲಿ ಮಾತಿನ ನಡುವಿನ ತೂತುಗಳಿಗೆ ಹಚ್ಚುವ ತೇಪೆ ಅದೇ. ಕೀಲಿಕೈಯ ಸದ್ದನ್ನು, ಬೀಗ ತಿರುಗುವ ಸದ್ದನ್ನು ಮೈಕಿನ ಹತ್ತಿರ ಹಿಡಿದು ಪ್ರತ್ಯೇಕವಾಗಿ ತೆಗೆದಿಡಿ. ಅವನು ಜೇಬಿನಲ್ಲಿ ಕೈಯಿಟ್ಟಾಗ ಒಂದು ಸಣ್ಣ ಕಿಣಿ ಕೇಳಿಸಿದರೆ ಅಕ್ಕನ ಕೈ ನಿಲ್ಲಲು ಕಾರಣ ಸಿಕ್ಕಿತಲ್ಲ? ಇದು ಬರೆಯುತ್ತಾ ಹೊಳೆದದ್ದು, ಬೇಕಾದರೆ ಇಟ್ಟುಕೊಳ್ಳಿ.

ಐವರ ಕೆಲಸ ಹೀಗಿರಲಿ: ನಿರ್ದೇಶನ, ಕ್ಯಾಮೆರಾ, ಸೌಂಡ್, ಲೈಟ್ ಮತ್ತು ಸಾಮಾನು, ಐದನೆಯವರು ಗಡಿಯಾರ ಮತ್ತು ಕಂಟಿನ್ಯುಟಿ. ಈ ಐದನೆಯ ಕೆಲಸವನ್ನು ಯಾರೂ ಬಯಸುವುದಿಲ್ಲ, ತಂಡದಲ್ಲಿ ಅತಿ ಶಾಂತವಾಗಿರುವವರಿಗೆ ಕೊಡಿ. ನಿರ್ದೇಶಕರು ಕ್ಯಾಮೆರಾ ಹಿಡಿಯಬಾರದು. ನಾನು ಕಲಿಯುವ ದಿನಗಳಲ್ಲಿ ಒಮ್ಮೆ ಹಿಡಿದೆ. ಫೋಕಸ್ ನೋಡುತ್ತಾ ನಟಿಯನ್ನು ನೋಡಲಿಲ್ಲ. ಮಾತು ಮುಗಿದ ತಕ್ಷಣ ಕಟ್ ಎಂದೆ. ಎಡಿಟ್‌ನಲ್ಲಿ ನೋಡಿದರೆ, ಮಾತು ಮುಗಿದ ಮೇಲೆ ಅವರ ಮುಖದಲ್ಲಿ ಏನೋ ಶುರುವಾಗುತ್ತಿತ್ತು, ಅಷ್ಟರಲ್ಲಿ ಅವರು ಬೆಚ್ಚಿ ಕ್ಯಾಮೆರಾ ಕಡೆ ತಿರುಗಿದ್ದಾರೆ. ಆ ತುಣುಕು ಈಗಲೂ ನನ್ನ ಹತ್ತಿರ ಇದೆ. ಕಟ್ ಹೇಳುವ ಮುಂಚೆ ಮನಸ್ಸಿನಲ್ಲಿ ಐದು ಎಣಿಸಿ. ಆಕ್ಷನ್ ಹೇಳುವ ಮುಂಚೆಯೂ. ಮೌನದ ಕ್ಲೋಸಪ್‌ಗೆ ಮುಖದ ಮುಂದೆ ಟಪ್ಪೆಂದು ಕ್ಲ್ಯಾಪ್ ಹೊಡೆದು ನಟರ ಗುಂಗು ಕೆಡಿಸುವ ಬದಲು, ಟೇಕ್ ಮುಗಿದ ಮೇಲೆ ಕ್ಲ್ಯಾಪ್ ಬೋರ್ಡನ್ನು ತಲೆಕೆಳಗಾಗಿ ಹಿಡಿದು ಹೊಡೆಯಬಹುದು. ಎಡಿಟ್ ಮಾಡುವವರಿಗೆ ಇದು ಟೇಕಿನ ಕೊನೆಗೆ ಹೊಡೆದ ಕ್ಲ್ಯಾಪ್ ಎಂದು ತಿಳಿಯುತ್ತದೆ.

ಎರಡು ಟೇಕಿನ ನಡುವೆ ನಟರಿಗೆ ಒಂದೇ ಸೂಚನೆ, ಹತ್ತಿರ ಹೋಗಿ, ಮೆಲ್ಲಗೆ. ಕೋಣೆಯ ಈ ಕೊನೆಯಿಂದ ಕೂಗಿ ಹೇಳಿದ್ದು ಸೂಚನೆಯಲ್ಲ, ಅವಮಾನ. ಸಾಲನ್ನು ನೀವೇ ಹೇಳಿ ತೋರಿಸಬೇಡಿ. ಮೂರು ಟೇಕ್ ಒಂದೇ ತರಹ ಬಂದರೆ ಪಾತ್ರಕ್ಕೆ ಬೇಕಾದದ್ದನ್ನು ಬದಲಿಸಿ: ‘ಈ ಸಲ ಕೀಲಿಕೈ ನಿನ್ನ ಹತ್ತಿರ ಇದೆ ಎಂದು ಅವಳಿಗೆ ಗೊತ್ತಾಗಲಿ ಅಂತಲೇ ನಿನಗೆ ಆಸೆ’ ಎಂದು ತಮ್ಮನ ಕಿವಿಯಲ್ಲಿ ಮಾತ್ರ ಹೇಳಿ, ಅಕ್ಕನಿಗೆ ಹೇಳಬೇಡಿ.

ಸಂಜೆ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಎರಡರಲ್ಲೂ ಕೆಲವು ಫೈಲ್ ತೆರೆದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್. ಇದಕ್ಕೆ ವಿನಾಯಿತಿ ಇಲ್ಲ.

ಇದಕ್ಕೆಲ್ಲ ಮುಂಚೆ ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಆ 15 ಶಾಟ್‌ಗಳನ್ನು ಸೋಲು ಎಂದು ಎತ್ತಿಡಬೇಡಿ, ನಿಮಗೆ ಸಿಕ್ಕಿರುವ ಕರಡು ಅದು. ಅವನ್ನು ಟೈಮ್‌ಲೈನಿನಲ್ಲಿ ಕ್ರಮವಾಗಿ ಇಡಿ. ಖಾಲಿ ಇರುವಲ್ಲಿ ನಿಮ್ಮಲ್ಲೇ ಇಬ್ಬರು ನಿಂತು ಫೋನಿನಲ್ಲಿ ತೆಗೆದ ತುಣುಕು ತುಂಬಿ. ಮೂರು ನಿಮಿಷದ ಒರಟು ದೃಶ್ಯ ಒಂದು ರಾತ್ರಿಯಲ್ಲಿ ತಯಾರಾಗುತ್ತದೆ. ಅದನ್ನು ಸ್ಕ್ರಿಪ್ಟ್ ಓದದ ಒಬ್ಬರಿಗೆ ತೋರಿಸಿ, ‘ಅವನು ಯಾವಾಗ ಸೋತ?’ ಎಂದಷ್ಟೇ ಕೇಳಿ. ಅವರು ತೋರಿಸುವ ಜಾಗಕ್ಕೂ ನೀವು ಎಳೆದ ಗೆರೆಗೂ ಎಷ್ಟು ದೂರ ಇದೆಯೋ ಅಷ್ಟು ಕೆಲಸ ಬಾಕಿ ಇದೆ. ಲುಕ್ ಎಲ್ಲಿ ತಪ್ಪಿದೆ, ಯಾವ ಶಾಟ್ ಇಲ್ಲದೆಯೂ ನಡೆಯುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಜೀವವಿಲ್ಲ ಎಂದ ಆ ಕ್ಲೋಸಪ್‌ನ ಪೂರ್ತಿ ಟೇಕ್‌ಗಳನ್ನೂ, ಆಕ್ಷನ್‌ಗೆ ಮುಂಚಿನ ಮತ್ತು ಕಟ್‌ನ ನಂತರದ ಸೆಕೆಂಡುಗಳನ್ನೂ ಸೇರಿಸಿ, ಒಮ್ಮೆ ನೋಡಿ. ಹಾಗೆಯೇ ಜೇಬಿನ ಇನ್ಸರ್ಟ್ ಆ 15ರಲ್ಲಿ ಚೆನ್ನಾಗಿ ಬಂದಿದ್ದರೆ ತಮ್ಮನಿಗೆ ಅದೇ ಬಟ್ಟೆಯನ್ನೇ ಹಾಕಿಸಿ, ಕೀಲಿಕೈ ಅದೇ ಜೇಬಿನಲ್ಲಿರಲಿ. ಒಂದು ಸೆಟಪ್ ಉಳಿಯುತ್ತದೆ, ಆ 40 ನಿಮಿಷವನ್ನು ಅಕ್ಕನ ಕ್ಲೋಸಪ್‌ಗೆ ಕೊಡಿ.